ಬೆತ್ತದ ತೇರು, ಕಬ್ಬಿಣದ ಹಳಿ

ಸುಬ್ರಹ್ಮಣ್ಯ ಅಂದ ಕೂಡಲೇ ಕೆಲವರಿಗೆ ಆಶ್ಲೇಷಾ ಬಲಿ, ಸರ್ಪಸಂಸ್ಕಾರ ನೆನಪಾದರೆ, ಇನ್ನು ಕೆಲವರಿಗೆ ಕುಮಾರಪರ್ವತ. ಎರಡೂ ಪಂಗಡದವರು ಒಂದೇ ಬಸ್ಸಿನಿಂದ ಇಳಿದು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಆದರೆ ಈ ಊರಿನ ಚರಿತ್ರೆಯಲ್ಲಿ ದೇವರನ್ನೂ ಕಾಡನ್ನೂ ಹಾಗೆ ಬೇರೆ ಮಾಡಲು ಬರುವುದಿಲ್ಲ.

ಚಂಪಾಷಷ್ಠಿಯ ತೇರನ್ನೇ ನೋಡಿ. ಮಾರ್ಗಶಿರ ಶುದ್ಧ ಷಷ್ಠಿಯಂದು ಎಳೆಯುವ ಬ್ರಹ್ಮರಥಕ್ಕೆ ಕಾಡಿನಿಂದ ಬೆತ್ತ ತಂದು ಕಟ್ಟುವವರು ಮಲೆಕುಡಿಯರು. ಇದು ತಲೆತಲಾಂತರದಿಂದ ಅವರ ಹಕ್ಕು, ಅವರ ಹೊಣೆ. ಊರಿನ ದೊಡ್ಡ ಹಬ್ಬಕ್ಕೆ ಕಾಡಿನವರ ಕೈಯೇ ಬೇಕು!

ಆಮೇಲೆ ಬಂತು ರೈಲು. ಹಾಸನ-ಮಂಗಳೂರು ಮೀಟರ್‌ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಗೆ 57 ಸುರಂಗ! (ಸ್ಟೇಷನ್ ಇರುವುದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಸುಮಾರು 12 ಕಿ.ಮೀ.) 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕಾಗಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ಹಳಿಗುಂಟ ನಡೆದು ಸುರಂಗಗಳಲ್ಲಿ ಕೂಗು ಹಾಕಿದವರು ನಮ್ಮ ನಿಮ್ಮಲ್ಲೇ ಎಷ್ಟು ಜನವೋ.. ಬೆಂಗಳೂರಿನ ಚಾರಣಿಗರಿಗೆ ಈ ಕಾಡಿನ ರುಚಿ ಹತ್ತಿದ್ದರಲ್ಲಿ ಆ ಖಾಲಿ ಹಳಿಯ ಪಾಲೂ ಇದೆ.

ಇನ್ನು ಬೆಟ್ಟ. 1712 ಮೀಟರ್ ಎತ್ತರದ ಕುಮಾರಪರ್ವತದ ತುದಿ ಕೊಡಗಿಗೆ ಸೇರಿದ್ದು, ಬುಡದಲ್ಲಿರುವ ಸುಬ್ರಹ್ಮಣ್ಯ ದಕ್ಷಿಣ ಕನ್ನಡದ್ದು. ಗಿರಿಗದ್ದೆಯ ಭಟ್ಟರ ಮನೆಯ ಊಟ, ಕಲ್ಲುಮಂಟಪ, ಶೇಷಪರ್ವತ ದಾಟಿದರೆ ತುದಿ. 1987ರಲ್ಲಿ ಇಲ್ಲಿ ಪುಷ್ಪಗಿರಿ ವನ್ಯಜೀವಿಧಾಮವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟಕ್ಕೆ ಕೊಟ್ಟ ವಿಶ್ವಪರಂಪರೆಯ ಪಟ್ಟಿಯಲ್ಲಿ ಇದೂ ಸೇರಿತು. ಇಷ್ಟಿದ್ದೂ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಮ್ಮೆಗೇ ಬೆಟ್ಟ ಹತ್ತಿದರು. ಜಾತ್ರೆಯಂಥ ಆ ಸಾಲಿನ ವಿಡಿಯೋಗಳು ಊರೆಲ್ಲ ಹರಿದಾಡಿದ ಮೇಲೆ ಸರಕಾರ ಚಾರಣವನ್ನು ಕೆಲಕಾಲ ತಡೆದು, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು.

ಕೆಲವರು ಗೊಣಗಿದರು. ನನಗೇನೋ ಅದು ಸರಿಯೆನಿಸಿತು. ಮಲೆಕುಡಿಯರು ಬೆತ್ತಕ್ಕೆಂದು ಕಾಡಿಗೆ ಹೋಗುವುದಕ್ಕೆ ಒಂದು ಕಾಲವಿದೆ, ಒಂದು ಕ್ರಮವಿದೆ, ಬೇಕಾದಷ್ಟೇ ತರುವ ಲೆಕ್ಕವಿದೆ. ನಾವು ವಾರಾಂತ್ಯಕ್ಕೆ ಹೋಗುವವರಿಗೂ ಅಂಥದ್ದೊಂದು ಕ್ರಮ ಇದ್ದರೆ ತಪ್ಪೇನು? ಕಾಡು ಸೊರಗಿದರೆ ಹೋಗುವುದು ಚಾರಣಿಗರ ಮೋಜೊಂದೇ ಅಲ್ಲ, ತೇರಿನ ಬೆತ್ತವೂ ಹೋಗುತ್ತದೆ.

ಮುಂದಿನ ಸಲ ಹೋದಾಗ ಎರಡೂ ದಾರಿ ತುಳಿಯಿರಿ. ಬೆಟ್ಟದಿಂದ ಇಳಿದು ಬಂದವರು ಕುಮಾರಧಾರೆಯಲ್ಲಿ ಕಾಲಿಟ್ಟು, ರಥಬೀದಿಯಲ್ಲಿ ನಿಂತು ತೇರನ್ನೊಮ್ಮೆ ನೋಡಿ ಬನ್ನಿ. ಚಿಪ್ಸ್ ಪೊಟ್ಟಣ ಮಾತ್ರ ನಿಮ್ಮ ಚೀಲದಲ್ಲೇ ವಾಪಸು ಬರಲಿ!