ತಾಳಗುಂದದ ಕುಬ್ಜನೂ ಇಂದಿನ ಸಂಶೋಧನಾ ವಿದ್ಯಾರ್ಥಿಯೂ

ಶಿಕಾರಿಪುರ ಮತ್ತು ಸೊರಬ ಸೀಮೆಯಲ್ಲಿ ಹುಟ್ಟಿ ಇತಿಹಾಸ ಓದುವ ವಿದ್ಯಾರ್ಥಿಗೆ ವಿಷಯದ ಬರವೆಂಬುದಿಲ್ಲ. ಹೊಸಬಾಳೆಯಂಥ ಊರಿನ ಹುಡುಗನೋ ಹುಡುಗಿಯೋ ಪದವಿ ಮುಗಿಸಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಸೇರಿದರೆ, ಪ್ರಬಂಧಕ್ಕೆ ಬೇಕಾದ ಆಕರ ತನ್ನ ತಾಲ್ಲೂಕಿನ ಗದ್ದೆಯ ಬದುವಿನಲ್ಲೇ ನಿಂತಿರುತ್ತದೆ. ಕುಬಟೂರು, ಉದ್ರಿ, ಬಂದಳಿಕೆ, ಬಳ್ಳಿಗಾವೆ, ತಾಳಗುಂದ - ಒಂದೊಂದು ಹೆಸರೂ ಒಂದೊಂದು ಶಾಸನಭಂಡಾರ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಶಿಕಾರಿಪುರದ ಮುನ್ನೂರಕ್ಕೂ ಹೆಚ್ಚು, ಸೊರಬದ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಎರಡು ತಾಲ್ಲೂಕುಗಳಿಗೆ ಇದು ಸಣ್ಣ ಸಂಖ್ಯೆಯಲ್ಲ.

ಆದರೆ ಇಷ್ಟು ಸಮೃದ್ಧವಾದ ಆಕರವೇ ಒಂದು ಪೇಚನ್ನೂ ತಂದಿಡುತ್ತದೆ. ಶಾಸನ ಅಚ್ಚಾಗಿದೆ, ಅದರ ಅನುವಾದವೂ ಅಚ್ಚಾಗಿದೆ, ಅದರ ಮೇಲೆ ನೂರು ವರ್ಷಗಳಿಂದ ಲೇಖನಗಳು ಬಂದಿವೆ. ಹಾಗಿರುವಾಗ ವಿದ್ಯಾರ್ಥಿ ತನ್ನದೆಂದು ಬರೆಯುವುದು ಯಾವುದನ್ನು? ಇತರರಿಂದ ಪಡೆದದ್ದೆಂದು ಹೇಳಬೇಕಾದ್ದು ಯಾವುದನ್ನು? ಸಂಶೋಧನೆಯ ನೀತಿ ಎಂದು ವಿಶ್ವವಿದ್ಯಾಲಯಗಳು ಈಗ ಪಾಠ ಮಾಡುತ್ತಿರುವ ವಿಷಯದ ತಿರುಳು ಇಷ್ಟೇ. ಈ ಪ್ರಶ್ನೆಗೆ ಉತ್ತರವನ್ನು ತಾಳಗುಂದದ ಕಲ್ಲೇ ಬಹುಮಟ್ಟಿಗೆ ಹೇಳುತ್ತದೆ.

ಪ್ರಣವೇಶ್ವರ ದೇವಾಲಯದ ಮುಂದಿರುವ ಎಂಟು ಮುಖಗಳ ಆ ಕಂಬ ಕ್ರಿ.ಶ. ಐದನೆಯ ಶತಮಾನದ್ದು. ಕದಂಬರ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯವನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಬರೆಸಿದ್ದು. ಸಂಸ್ಕೃತದ 34 ಪದ್ಯಗಳಿವೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ನಮಗೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ, ಅದೂ ರಾಜನಾಗಿ ಅಲ್ಲ, ವಿದ್ಯಾರ್ಥಿಯಾಗಿ. ಗುರು ವೀರಶರ್ಮನೊಂದಿಗೆ ವೇದಾಧ್ಯಯನ ಪೂರೈಸಲು ಕಂಚಿಯ ಘಟಿಕೆಗೆ ಹೋದವನು ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಿಂದ ಅವಮಾನಗೊಂಡು ಕತ್ತಿ ಹಿಡಿದ ಕಥೆ ಶಾಲಾಮಕ್ಕಳಿಗೂ ಗೊತ್ತು. ಕಥೆ ಗೊತ್ತಿದ್ದಷ್ಟು ಅದನ್ನು ಬರೆದವನ ಹೆಸರು ಗೊತ್ತಿಲ್ಲ. ಕವಿಯ ಹೆಸರು ಕುಬ್ಜ. ಈ ಕಾವ್ಯ ತನ್ನದು, ಇದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಕೊನೆಯಲ್ಲಿ ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ. ರಚನೆ ಬೇರೆ, ಬರವಣಿಗೆ ಬೇರೆ; ಎರಡೂ ಒಬ್ಬನದೇ ಆದಾಗ ಅದನ್ನು ಹೇಳಬೇಕು ಎಂಬ ಅರಿವು ಅವನಿಗಿತ್ತು.

ಇದು ಕುಬ್ಜನೊಬ್ಬನ ಗುಣವಲ್ಲ. ನಮ್ಮ ಶಾಸನಗಳು ಪಾಠ ರಚಿಸಿದವನನ್ನೂ ಕಲ್ಲಿನಲ್ಲಿ ಕಂಡರಿಸಿದ ರೂವಾರಿಯನ್ನೂ ಎಷ್ಟೋ ಕಡೆ ಬೇರೆ ಬೇರೆಯಾಗಿ ಹೆಸರಿಸುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯಿಂದ ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ದಾಸೋಜ ತನ್ನ ಶಿಲ್ಪಗಳ ಕೆಳಗೆ ತನ್ನ ಹೆಸರು ಕೊರೆದ. ಅವನ ಮಗ ಚಾವಣ ತನ್ನ ಶಿಲ್ಪಗಳ ಕೆಳಗೆ ತನ್ನ ಹೆಸರು ಕೊರೆದ. ಅಪ್ಪ ಕಲಿಸಿದನೆಂದು ಮಗನ ಮದನಿಕೆಗೆ ಅಪ್ಪನ ಸಹಿ ಬೀಳಲಿಲ್ಲ. ವಿದ್ಯಾರ್ಥಿ ಬರೆದ ಲೇಖನದಲ್ಲಿ ಮಾರ್ಗದರ್ಶಕರ ಹೆಸರು ತಾನಾಗಿಯೇ ಮೊದಲು ಬರುವ ಇಂದಿನ ರೂಢಿಯನ್ನು ನೋಡಿದರೆ ದಾಸೋಜನ ಕಾಲವೇ ವಾಸಿ ಎನಿಸುವುದುಂಟು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೊಂದು ಇದಕ್ಕೆ ನಿಯಮಗಳನ್ನು ಮಾಡಿದೆ. ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ತಿದ್ದುಪಡಿಯಲ್ಲಿ ಕೈ, ಅಂತಿಮ ಪ್ರತಿಗೆ ಒಪ್ಪಿಗೆ, ಅದರ ಸರಿತಪ್ಪುಗಳಿಗೆ ಹೊಣೆ - ಈ ನಾಲ್ಕೂ ಇದ್ದವರು ಮಾತ್ರ ಲೇಖಕರು. ವಿಭಾಗದ ಮುಖ್ಯಸ್ಥರಾಗಿದ್ದಾರೆ ಎಂಬುದು ಸಾಲದು. ನಿಯಮ ವೈದ್ಯರಿಗಾಗಿ ಹುಟ್ಟಿದ್ದಾದರೂ ಇತಿಹಾಸದವರಿಗೆ ಒಗ್ಗದೆ ಇರಲು ಕಾರಣವಿಲ್ಲ.

ಮತ್ತೆ ಕಂಬಕ್ಕೆ ಬರೋಣ. ಅದನ್ನು 1894ರಲ್ಲಿ ಗುರುತಿಸಿದವರು ಮೈಸೂರು ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ರೈಸ್. ಅದರ ಮಹತ್ವವನ್ನು 1895ರಲ್ಲಿ ವಿದ್ವಲ್ಲೋಕಕ್ಕೆ ತಿಳಿಸಿದವರು ವಿಯೆನ್ನಾದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ಯೂಲರ್. 1902ರಲ್ಲಿ ರೈಸ್ ಅದರ ಪಾಠವನ್ನು ಶಿಕಾರಿಪುರದ 176ನೆಯ ಶಾಸನವೆಂದು ಅಚ್ಚು ಹಾಕಿಸಿದರು. ಬಳಿಕ ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ ಎಂಟನೆಯ ಸಂಪುಟದಲ್ಲಿ ಅದನ್ನು ಮತ್ತೆ ಸಂಪಾದಿಸಿದರು. ಕಂಡವರು, ಸಾರಿದವರು, ಓದಿದವರು, ತಿದ್ದಿ ಓದಿದವರು - ಹೀಗೆ ನಾಲ್ಕು ಬಗೆಯ ಕೆಲಸ ನಡೆದಿದೆ. ಇಂದು ಪ್ರಬಂಧ ಬರೆಯುವ ವಿದ್ಯಾರ್ಥಿ 'ತಾಳಗುಂದ ಶಾಸನದಲ್ಲಿ ಹೀಗೆ ಹೇಳಿದೆ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರೆ, ತಾನೇ ಕಂಬದ ಸುತ್ತ ತಿರುಗಿ ಪೆಟ್ಟಿಗೆ ತಲೆಯ ಬ್ರಾಹ್ಮಿ ಅಕ್ಷರಗಳನ್ನು ಓದಿದಂತೆ ಓದುಗ ಭಾವಿಸುತ್ತಾನೆ. ನಿಜವಾಗಿ ಓದಿದ್ದು ಅಚ್ಚಾದ ಪಾಠವನ್ನು. ಹಲವೊಮ್ಮೆ ಅದನ್ನೂ ಅಲ್ಲ, ಆ ಪಾಠದ ಮೇಲೆ ಯಾರೋ ಬರೆದ ಲೇಖನವನ್ನು. 'ಕೀಲ್‌ಹಾರ್ನ್ ಪಾಠದ ಪ್ರಕಾರ' ಎಂಬ ಮೂರು ಪದ ಸೇರಿಸಿದರೆ ಯಾರ ಗೌರವವೂ ಕುಂದುವುದಿಲ್ಲ.

ರೈಸ್ ಅವರ ಕ್ರಮವನ್ನು ಇಲ್ಲಿ ನೆನೆಯಬೇಕು. ಅವರ ಸಂಪುಟಗಳಲ್ಲಿ ಮೂಲಪಾಠ ಕನ್ನಡ ಲಿಪಿಯಲ್ಲಿದೆ, ಅದೇ ರೋಮನ್ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ಕಲ್ಲು ಸವೆದು ಅಕ್ಷರ ಹೋದಲ್ಲಿ ಆ ಸಂಗತಿಯ ಸೂಚನೆಯಿದೆ. ಅಂದರೆ ಅನುವಾದ ಒಪ್ಪದವನು ಪಾಠ ನೋಡಬಹುದು, ಪಾಠ ಒಪ್ಪದವನು ಊರಿಗೆ ಹೋಗಿ ಕಲ್ಲನ್ನೇ ನೋಡಬಹುದು. ಅವರ ಓದಿನಲ್ಲಿ ತಪ್ಪುಗಳಿಲ್ಲವೆಂದಲ್ಲ. ತಪ್ಪು ಹಿಡಿಯಲು ಬೇಕಾದ ಸಾಧನವನ್ನು ಅವರೇ ಕೊಟ್ಟುಹೋದರು. ಈ ಸೂಚನೆಗಳನ್ನು ಕೈಬಿಟ್ಟು ಅನುವಾದವನ್ನಷ್ಟೇ ಕನ್ನಡಕ್ಕೆ ತಿರುಗಿಸಿಕೊಂಡಾಗ ಅನುಮಾನವಿದ್ದ ಕಡೆ ನಿಶ್ಚಯ ಹುಟ್ಟುತ್ತದೆ.

ಹಾಗಾದಾಗ ಏನಾಗಬಹುದು ಎಂಬುದಕ್ಕೆ ಅದೇ ಮಯೂರಶರ್ಮನ ಇನ್ನೊಂದು ಶಾಸನ ನಿದರ್ಶನ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲಿನ ಪುಟ್ಟ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1929ರ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಅವರ ಓದಿನಂತೆ ಕೆರೆ ಕಟ್ಟಿಸಿದ ಮಯೂರಶರ್ಮನು ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಮುಂತಾದವರನ್ನು ಗೆದ್ದವನು. ಬಂಡೆ ಬಹಳ ಸವೆದದ್ದು. ಈ ಓದನ್ನು ಮುಂದೆ ವಿದ್ವಾಂಸರು ಪ್ರಶ್ನಿಸಿದರು, ಚಿತ್ರದುರ್ಗದ ಬಿ. ರಾಜಶೇಖರಪ್ಪ ಅವರು ಬಂಡೆಯನ್ನು ಮತ್ತೆ ಪರಿಶೀಲಿಸಿ ಬೇರೆ ಓದನ್ನು ಮುಂದಿಟ್ಟರು. ಕೃಷ್ಣ ಅವರ ಮೇಲೆ ಇಲ್ಲಿ ದೋಷ ಹೊರಿಸಬೇಕಾಗಿಲ್ಲ. ಹಲ್ಮಿಡಿ ಶಾಸನವನ್ನು ನಾಡಿಗೆ ತೋರಿಸಿಕೊಟ್ಟ ವಿದ್ವಾಂಸರು ಅವರು. ತಮ್ಮ ಓದನ್ನು ಎಲ್ಲರೂ ಪರೀಕ್ಷಿಸುವಂತೆ ವರದಿಯಲ್ಲಿ ಇಟ್ಟಿದ್ದರು. ತೊಂದರೆ ಬಂದದ್ದು ವರದಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಗೈಡಿಗೆ, ಗೈಡಿನಿಂದ ಉತ್ತರಪತ್ರಿಕೆಗೆ ಆ ಪಟ್ಟಿ ಸಾಗುವಾಗ. ಎರಡನೆಯ ಓದನ್ನು ತಿಳಿದೂ ಮೊದಲನೆಯದನ್ನಷ್ಟೇ ಕೊಡುವುದು ಕಳವಲ್ಲದಿರಬಹುದು, ಆದರೆ ಪ್ರಾಮಾಣಿಕತೆಯಂತೂ ಅಲ್ಲ.

ತಾಳಗುಂದದಲ್ಲಿಯೇ ಈಚೆಗೆ ಇಂಥದೇ ಪರೀಕ್ಷೆ ಎದುರಾಗಿದೆ. 2013-14ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಮೇಲಿನ ಬರಹ ಸುಮಾರು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಎಂದು ಪುರಾತತ್ವ ಸರ್ವೇಕ್ಷಣ ಇಲಾಖೆ ಹೇಳಿದ ಮೇಲೆ ನಮ್ಮ ಜಿಲ್ಲೆಯವರಿಗೆ ಹೆಮ್ಮೆಯಾದದ್ದು ಸಹಜ. ವಿದ್ಯಾರ್ಥಿ ಮಾತ್ರ ಆ ಹೆಮ್ಮೆಯಲ್ಲಿ 'ಸುಮಾರು' ಎಂಬ ಪದವನ್ನು ನುಂಗಬಾರದು.

ಇಷ್ಟಾದರೂ ನಕಲು ಏಕೆ ನಡೆಯುತ್ತದೆ? ಸೋಮಾರಿತನ ಒಂದೇ ಕಾರಣವಲ್ಲ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನವೊಂದು ಪ್ರಕಟವಾಗಿರಲೇಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿತು. 2016ರಲ್ಲಿ ಅದಕ್ಕೆ ಎರಡು ಗೋಷ್ಠಿಗಳಲ್ಲಿ ಪ್ರಬಂಧ ಮಂಡನೆಯನ್ನೂ ಸೇರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಬೇಡಿಕೆಯಿದ್ದಲ್ಲಿ ಅಂಗಡಿ ಏಳುತ್ತದೆ. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳು ಹುಟ್ಟಿಕೊಂಡವು. ಅವನ್ನು ಬೇರ್ಪಡಿಸಲು ಆಯೋಗ 'ಕೇರ್' ಎಂಬ ಪಟ್ಟಿ ಮಾಡಿತು. 2025ರಲ್ಲಿ ಅದನ್ನೂ ಕೈಬಿಟ್ಟಿತು. ಕಡ್ಡಾಯ ಪ್ರಕಟಣೆಯ ನಿಯಮ 2022ರಲ್ಲಿಯೇ ಹೋಯಿತು. ಉಳಿದದ್ದು 2018ರ ಕೃತಿಚೌರ್ಯ ತಡೆ ನಿಯಮಾವಳಿ. ಅದರಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ಪ್ರಬಂಧ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಜೊತೆಗೆ 2019ರ ಕೊನೆಯಲ್ಲಿ, ಪಿಎಚ್.ಡಿ.ಗೆ ಸೇರುವವರು ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ ಎರಡು ಕ್ರೆಡಿಟ್‌ಗಳ ಪಾಠ ಕಲಿಯಬೇಕೆಂಬ ನಿರ್ಧಾರವೂ ಬಂತು.

ಈ ಶೇಕಡಾ ಲೆಕ್ಕ ಕಂಪ್ಯೂಟರಿನದು. ಕಂಪ್ಯೂಟರು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆಯೇ ಹೊರತು ಕದ್ದದ್ದೋ ಕೇಳಿ ಪಡೆದದ್ದೋ ಎಂದು ತಿಳಿಯಲಾರದು. ರೈಸ್ ಅವರ ಇಂಗ್ಲಿಷ್ ಟಿಪ್ಪಣಿಯನ್ನು ಸಾಲು ಬಿಡದೆ ಕನ್ನಡಕ್ಕೆ ಇಳಿಸಿದವನು ಶೂನ್ಯ ಶೇಕಡಾ ಪಡೆದು ಪಾರಾಗಬಹುದು. ಅಚ್ಚುಮೊಳೆಯ ಕಾಲದ ಕನ್ನಡ ಪುಸ್ತಕಗಳು, ಹಳೆಯ ಸ್ಮರಣ ಸಂಚಿಕೆಗಳು ಗಣಕಕ್ಕೆ ಏರಿಯೇ ಇಲ್ಲದಿದ್ದರೆ ಅವುಗಳಿಂದ ಎತ್ತಿದ್ದು ಸಿಕ್ಕಿಬೀಳುವುದು ಹೇಗೆ? ಇನ್ನೊಂದೆಡೆ, ಶಾಸನದ ಸಾಲುಗಳನ್ನು ಆಕರ ಸಹಿತ ಪ್ರಾಮಾಣಿಕವಾಗಿ ಉದ್ಧರಿಸಿದವನು ಹೆಚ್ಚು ಶೇಕಡಾ ಬಂತೆಂದು ಬೆವರುತ್ತಾನೆ. ಸೂಕ್ತವಾಗಿ ಉಲ್ಲೇಖಿಸಿದ ಉದ್ಧರಣೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದೇ ನಿಯಮಾವಳಿಯಲ್ಲಿದೆ. ಅದನ್ನು ಅವನಿಗೆ ಹೇಳುವವರು ಬೇಕು. ಕನ್ನಡದಲ್ಲಿ ಬರುವ ಪ್ರಬಂಧಗಳ ಕಾವಲು ಸದ್ಯಕ್ಕೆ ಯಂತ್ರದ್ದಲ್ಲ, ಆ ವಿಷಯ ಬಲ್ಲ ಪರೀಕ್ಷಕನದೇ. ತಪ್ಪುಗಳೇ ಅವನಿಗೆ ಸಾಕ್ಷಿ: ಹಿಂದಿನವರೊಬ್ಬರು ಮಾಡಿದ ತಪ್ಪು ಓದು ಅದೇ ಜಾಗದಲ್ಲಿ ಅದೇ ರೂಪದಲ್ಲಿ ಮರುಕಳಿಸಿದರೆ, ಕಲ್ಲಿನ ಹತ್ತಿರ ಯಾರೂ ಹೋಗಿಲ್ಲವೆಂದು ಅವನಿಗೆ ಗೊತ್ತಾಗುತ್ತದೆ.

ಕಲ್ಲಿನ ಹತ್ತಿರ ಹೋದವರಿಗೂ ಪಾಲಿಸಬೇಕಾದ ಕಟ್ಟಳೆಗಳಿವೆ. ಅಕ್ಷರ ಕಾಣಲೆಂದು ಸೀಮೆಸುಣ್ಣದಿಂದ ತಿದ್ದಿ ಫೋಟೋ ತೆಗೆಯುವ ಅಭ್ಯಾಸ ಬಹಳ ಇದೆ. ಹಾಗೆ ತೆಗೆದ ಚಿತ್ರದಲ್ಲಿ ಇರುವುದು ಕಲ್ಲಿನ ಅಕ್ಷರವಲ್ಲ, ತಿದ್ದಿದವನ ಅಭಿಪ್ರಾಯ. ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಇದಕ್ಕಿಂತ ನಂಬಿಕೆಗೆ ಅರ್ಹ. ಆ ಅಚ್ಚು ತೆಗೆದವರು ಬೇರೆಯವರಾದರೆ ಅವರ ಹೆಸರು ಲೇಖನದಲ್ಲಿ ಬರಬೇಕು. ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವವರಂತೂ ತಮ್ಮ ನಂತರ ಬರುವವರ ಓದನ್ನೇ ಅಳಿಸುತ್ತಾರೆ.

ಕೊನೆಗೆ, ಕಲ್ಲು ತೋರಿಸಿದ ರೈತ. 'ಅಪ್ರಕಟಿತ ಶಾಸನ ಪತ್ತೆ' ಎಂಬ ತಲೆಬರಹದ ಕೆಳಗೆ ಪತ್ತೆ ಮಾಡಿದವರ ಚಿತ್ರವಿರುತ್ತದೆ. ತಲೆಮಾರುಗಳಿಂದ ಆ ಕಲ್ಲಿಗೆ ಕುಂಕುಮ ಇಡುತ್ತ ಬಂದ ಮನೆಯವರ ಸುದ್ದಿಯಿರುವುದಿಲ್ಲ. ಹೆಸರು ಹಾಕುವುದೂ ಸಲೀಸಲ್ಲ. ಮಲೆನಾಡಿನಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳ ಬುಡವನ್ನು ನಿಧಿಯಾಸೆಗೆ ಅಗೆಯುವವರು ಇದ್ದಾರೆ. ಸರ್ವೆ ನಂಬರಿನೊಂದಿಗೆ ಜಾಗ ಅಚ್ಚಾದರೆ ಅವರಿಗೇ ದಾರಿ ತೋರಿಸಿದಂತೆ. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕಗಳ ಸುತ್ತ 100 ಮೀಟರು ಕಟ್ಟಡ ನಿಷೇಧವೆಂಬ 2010ರ ಕಾನೂನಿನ ಸುದ್ದಿ ಹಳ್ಳಿಗಳಿಗೂ ಮುಟ್ಟಿದೆ. ಗದ್ದೆಯ ಬದುವಿನ ಕಲ್ಲಿಗೆ ಆ ಕಾನೂನು ಅನ್ವಯಿಸದಿದ್ದರೂ, ಜಮೀನು ಹೋದೀತೆಂಬ ಅಂಜಿಕೆಯಿಂದ ಕಲ್ಲನ್ನು ಮಣ್ಣಿನಲ್ಲಿ ಮುಚ್ಚಿಬಿಡುವುದು ಅಸಾಧ್ಯವೇನಲ್ಲ. ಆದ್ದರಿಂದ ಅಚ್ಚಿಗೆ ಕಳಿಸುವ ಮುನ್ನ ವಿದ್ಯಾರ್ಥಿ ಇಲಾಖೆಗೆ ತಿಳಿಸಬೇಕು. ಮತ್ತೊಮ್ಮೆ ಆ ಊರಿಗೆ ಹೋಗಿ, ಬರೆದದ್ದನ್ನು ಆ ರೈತನಿಗೆ ಓದಿ ಹೇಳಿ, ನಿಮ್ಮ ಹೆಸರು ಹಾಕಲೇ, ಜಮೀನಿನ ಗುರುತು ಹಾಕಲೇ ಎಂದು ಕೇಳಬೇಕು.