ಎಲ್ವೆರಾ ಆಡಿದ ಕಾಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಶಾಲೆ ಮೈದಾನ ಅಂದ್ರೆ ಕಬಡ್ಡಿ, ವಾಲಿಬಾಲು. ಹಾಕಿ ಕೊಡಗಿನವರದ್ದು, ಅದೂ ಗಂಡಸರದ್ದು ಅನ್ನೋ ಮಾತು ನಮ್ಮೂರಲ್ಲಿ ಇವತ್ತಿಗೂ ಇದೆ. ಹಾಗನ್ನುವವರಿಗೆ ನಾನು ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಹೆಸರು ಹೇಳ್ತೇನೆ.

1960ರಿಂದ 67ರವರೆಗೆ ಮೈಸೂರು ರಾಜ್ಯ ತಂಡದ ನಾಯಕಿ. ಅಷ್ಟರಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿ! ಸೋದರಿಯರಾದ ರೀಟಾ, ಮೇ ಕೂಡ ಹಾಕಿ ಆಟಗಾರ್ತಿಯರೇ. ಭಾರತದ ಪರ ಜಪಾನ್, ಆಸ್ಟ್ರೇಲಿಯಾ, ಶ್ರೀಲಂಕಾ ವಿರುದ್ಧ ಆಡಿದ ಎಲ್ವೆರಾಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಹಾಕಿಯಲ್ಲಿ ಆನ್ ಲಮ್ಸ್‌ಡನ್ ನಂತರ ಅದನ್ನು ಪಡೆದ ಎರಡನೆಯವರು.

ಒಲಿಂಪಿಕ್ ಪದಕ ಎಷ್ಟು ಅಂತ ಮಾತ್ರ ಕೇಳ್ಬೇಡಿ ಮಾರಾಯ್ರೆ. ನಮ್ಮ ಗಂಡಸರು 1928ರಲ್ಲೇ ಹಾಕಿ ಚಿನ್ನ ತಂದಿದ್ದರು. ಹೆಂಗಸರ ಹಾಕಿ ಒಲಿಂಪಿಕ್ಸಿಗೆ ಸೇರಿದ್ದೇ 1980ರಲ್ಲಿ, ಮಾಸ್ಕೋದಲ್ಲಿ. ಭಾರತ ನಾಲ್ಕನೇ ಸ್ಥಾನ ಪಡೆಯಿತು. ಎಲ್ವೆರಾಗೆ ಆಗ ವಯಸ್ಸು ನಲವತ್ತರ ಆಸುಪಾಸು.