ಕಲಿಯುವವರ ಪಕ್ಕ ಕೂತು ಬರೆದ ಪಾಠಗಳು

1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ತಮ್ಮ ಕಾರ್ಯಾಚರಣಾ ವ್ಯವಸ್ಥೆ ಯುನಿಕ್ಸ್‌ಗೆ ಮೊದಲ ಕೈಪಿಡಿ ಬರೆದರು. ಪ್ರತಿ ಕಮಾಂಡಿಗೂ ಒಂದೇ ಕ್ರಮ: ಹೆಸರು, ಬಳಸುವ ರೀತಿ, ವಿವರ, ಜೊತೆಗೆ ಗೊತ್ತಿರುವ ದೋಷಗಳು. ಆ ಶಿಸ್ತಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಅದು ಬಲ್ಲವರು ಹುಡುಕಿ ನೋಡುವ ಪುಸ್ತಕ. ಕೈಹಿಡಿದು ನಡೆಸುವ ಪಾಠಗಳನ್ನು ಬರೆದವರು ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಹನ್. 1978ರಲ್ಲಿ ರಿಚಿಯವರೊಡನೆ ಅವರು ಬರೆದ ಸಿ ಭಾಷೆಯ ಪುಸ್ತಕ ‘ಹಲೋ, ವರ್ಲ್ಡ್’ ಎಂದು ಮೂಡಿಸುವ ಪುಟ್ಟ ಪ್ರೋಗ್ರಾಮನ್ನು ಮೊದಲ ಅಧ್ಯಾಯದಲ್ಲೇ ಮಾಡಿಸುತ್ತದೆ.

ಇವರೆಲ್ಲ ಪ್ರೋಗ್ರಾಂ ಬರೆಯುವವರಿಗಾಗಿ ಬರೆದರು. ಟೈಪಿಸ್ಟರ ಮೇಜಿಗೆ ಕಂಪ್ಯೂಟರ್ ಬಂದಾಗ ಕಥೆಯೇ ಬೇರೆಯಾಯಿತು. 1980ರ ದಶಕದ ಆರಂಭದಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದ ಮನಶ್ಶಾಸ್ತ್ರಜ್ಞ ಜಾನ್ ಕ್ಯಾರೊಲ್ ಮತ್ತು ಸಂಗಡಿಗರು ಕಲಿಯುವವರನ್ನು ಕೂರಿಸಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿ ಎಂದರು. ಕೈಪಿಡಿಯ ಪೀಠಿಕೆಯನ್ನು ಕಲಿಯುವವರು ಹಾರಿಸುತ್ತಿದ್ದರು, ನೇರ ಕೆಲಸಕ್ಕೆ ಕೈಹಾಕುತ್ತಿದ್ದರು. ಎಲ್ಲೋ ಒಂದು ಕೀಲಿ ತಪ್ಪಿದರೆ ಪರದೆಯೇ ಬೇರೆ, ಪುಸ್ತಕವೇ ಬೇರೆ! ಕ್ಯಾರೊಲ್ ತೆಳ್ಳಗಿನ ಕೈಪಿಡಿ ಮಾಡಿದರು. ತಪ್ಪಾದರೆ ಗುರುತಿಸುವುದು, ಹಿಂದಿರುಗುವುದು ಹೇಗೆಂದು ಅದರಲ್ಲೇ ಬರೆದರು. ನನ್ನ ಮಟ್ಟಿಗೆ ತಂತ್ರಾಂಶ ಪಾಠಗಳ ಚರಿತ್ರೆಯ ದೊಡ್ಡ ತಿರುವು ಅದೇ.

ತರಬೇತಿ ಕೇಂದ್ರದಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯನ್ನು ಕಲಿಸುವಾಗ ಪುಸ್ತಕಕ್ಕೂ ಪರದೆಗೂ ನಡುವಿನ ಈ ಅಂತರ ನನಗೆ ದಿನವೂ ಕಾಣುತ್ತಿತ್ತು. ‘ನುಡಿ ತೆರೆಯಿರಿ, ಫಾಂಟ್ ಆರಿಸಿ, ಟೈಪ್ ಮಾಡಿ’ ಎಂದು ಕರಪತ್ರದಲ್ಲಿತ್ತು. ಸ್ಕ್ರೋಲ್ ಲಾಕ್ ಒತ್ತಿ ಕನ್ನಡಕ್ಕೆ ಬರಬೇಕೆಂಬುದು ಮಾತ್ರ ಇರಲಿಲ್ಲ. ಬರೆದವರ ಬೆರಳಿಗೆ ಅದು ಅಷ್ಟು ರೂಢಿ. ಕಲಿಯಲು ಬಂದ ಗುಮಾಸ್ತರು ಕೀಲಿಮಣೆಯೇ ಕೆಟ್ಟಿದೆಯೆಂದು ಎದ್ದು ಹೋಗುತ್ತಿದ್ದರು.

ನಮ್ಮ ದೇಶದಲ್ಲಿ ಕಲಿಯುವವರನ್ನು ನೋಡಿ ಪಾಠ ಬರೆಯುವ ಕೆಲಸವನ್ನು ಶ್ರದ್ಧೆಯಿಂದ ಮಾಡಿರುವುದು ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಕಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ಹತ್ತು ನಿಮಿಷದ ಆಸುಪಾಸಿನ ಪಾಠ. ಒಂದು ಬದಿಯಲ್ಲಿ ವಿಡಿಯೋ, ಇನ್ನೊಂದು ಬದಿಯಲ್ಲಿ ತಂತ್ರಾಂಶ, ನೋಡುತ್ತ ಮಾಡುತ್ತ ಹೋಗಬೇಕು. ಬರಹದ ಕರಡಿಗೆ ಎರಡು ಕಲಂ: ಪರದೆಯಲ್ಲಿ ಏನು ನಡೆಯಬೇಕು, ಬಾಯಲ್ಲಿ ಏನು ಹೇಳಬೇಕು. ಆ ತಂತ್ರಾಂಶ ತಿಳಿಯದ ಹೊಸಬರೊಬ್ಬರು ಕರಡನ್ನು ಮಾಡಿ ನೋಡುತ್ತಾರೆ, ರೆಕಾರ್ಡಿಂಗ್ ಆಮೇಲೆ. ದನಿಯನ್ನು ಕನ್ನಡಕ್ಕೂ ಡಬ್ ಮಾಡಿದ್ದಾರೆ.

ಕನ್ನಡದಲ್ಲಿ ಇಂಥ ಪಾಠ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಪ್ರಕಟಿಸುವ ಮೊದಲು ಅದನ್ನು ಹೊಸಬರೊಬ್ಬರ ಕೈಗೆ ಕೊಡಿ, ಬಾಯಿ ಹಾಕದೆ ಪಕ್ಕದಲ್ಲಿ ಕೂತಿರಿ, ಅವರು ತಡೆದು ನಿಂತ ಸಾಲನ್ನು ತಿದ್ದಿ.